ಕಾರಿನ ಕಾಲಿಡುವ ಜಾಗಕ್ಕೊಂದು ದೀಪ: ಬಾಗಿಲು ತೆರೆದಾಗ ಹತ್ತಬೇಕು, ಗಾಡಿ ಓಡುವಾಗ ಆರಿರಬೇಕು

ಕಡಿಮೆ ಬೆಲೆಯ ಮಾಡೆಲ್ ಕೊಂಡವರ ಕಾರಿನೊಳಗೆ ಬೆಳಕು ಎಂದರೆ ಮುಂದಿನ ಎರಡು ಸೀಟುಗಳ ನಡುವೆ ಛಾವಣಿಗೆ ಅಂಟಿಕೊಂಡಿರುವ ಒಂದು ದೀಪ ಮಾತ್ರ. ಬಾಗಿಲು ತೆರೆದಾಗ ಅದು ಹತ್ತಿಕೊಳ್ಳುತ್ತದೆ, ಆದರೆ ಅದರ ಬೆಳಕು ತಲೆ, ಹೆಗಲು, ತೊಡೆಗಳ ಮೇಲೆ ಬಿದ್ದು ಅಲ್ಲಿಗೇ ನಿಲ್ಲುತ್ತದೆ. ಡ್ಯಾಶ್‌ಬೋರ್ಡಿನ ಕೆಳಗೆ ನಾವು ಕಾಲಿಡುವ ಜಾಗಕ್ಕೆ ತಲುಪುವುದು ನಮ್ಮದೇ ಮೊಣಕಾಲಿನ ನೆರಳು. ಹಗಲಿನಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ. ಬಾಗಲಕೋಟೆಯ ನವನಗರದಿಂದ ಹೊರಟು ರಾತ್ರಿ ಹೊತ್ತಿನಲ್ಲಿ ಮುಧೋಳದ ಕಡೆಯ ತೋಟದ ಮನೆ ಸೇರಿ, ಕರೆಂಟ್ ಇಲ್ಲದ ಅಂಗಳದಲ್ಲಿ ಇಳಿಯಬೇಕಾದಾಗ ಆ ಕೊರತೆ ಕಾಣುತ್ತದೆ. ನಮ್ಮ ಅವ್ವ ಕಾರು ಹತ್ತಿದ ಕೂಡಲೇ ಚಪ್ಪಲಿ ಬಿಟ್ಟು ಕಾಲು ಮಡಚಿ ಕೂಡುವವಳು. ಇಳಿಯುವ ಹೊತ್ತಿಗೆ ಒಂದು ಚಪ್ಪಲಿ ಸೀಟಿನ ಅಡಿಗೆ ಸರಿದಿರುತ್ತದೆ. ವಿಜಯಪುರದಿಂದ ಬರುವಾಗ ಕೋಲ್ಹಾರದಲ್ಲಿ ಮೊಸರಿನ ಗಡಿಗೆ ಕೊಂಡರೆ ಅದು ಕೂಡುವ ಸ್ಥಳವೂ ಅದೇ. ತೋಟದಲ್ಲಿ ಬಾಗಿಲು ತೆರೆದಿಟ್ಟು ನಿಲ್ಲಿಸಿದ ಗಾಡಿಯೊಳಗೆ ಚೇಳು ಸೇರಿಕೊಂಡ ಸುದ್ದಿಗಳನ್ನೂ ನಮ್ಮ ಕಡೆ ಎಲ್ಲರೂ ಕೇಳಿರುತ್ತಾರೆ. ಹೀಗಾಗಿ ನಮ್ಮ ಕಾರಿಗೆ ಫುಟ್‌ವೆಲ್ ಲೈಟ್, ಅಂದರೆ ಕಾಲಿಡುವ ಜಾಗದ ದೀಪ, ಹಾಕಿಸುವುದೆಂದು ನಿಶ್ಚಯಿಸಿ, ಕೆಲಸವನ್ನು ನಾನೇ ಮಾಡಿದೆ. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ವೈರಿನ ಬಣ್ಣಗಳು ಒಂದೇ ಕಂಪನಿಯ ಒಂದೇ ಹೆಸರಿನ ಕಾರಿನಲ್ಲಿಯೂ ಮಾಡೆಲ್ ವರ್ಷದೊಂದಿಗೆ ಬದಲಾಗುತ್ತವೆ. ಬಣ್ಣ ನೋಡಿ ವೈರ್ ಕತ್ತರಿಸುವುದಕ್ಕಿಂತ ಸರ್ಕ್ಯೂಟ್ ತಿಳಿದು ಕೈಹಾಕುವುದು ಸುರಕ್ಷಿತ.

ಮೊದಲು ನಿರ್ಧರಿಸಬೇಕಾದದ್ದು ದೀಪ ಯಾವುದು ಎಂಬುದಲ್ಲ, ಅದು ಯಾವಾಗ ಹತ್ತಬೇಕು ಎಂಬುದು. ಕಾರಿನಲ್ಲಿ ಕರೆಂಟ್ ಸಿಗುವ ಬಗೆಗಳು ಮುಖ್ಯವಾಗಿ ನಾಲ್ಕು: ಕೀಲಿ ತೆಗೆದರೂ ಸದಾ ಇರುವ ಲೈನು, ಕೀಲಿಯನ್ನು ಮೊದಲ ಹಂತಕ್ಕೆ ತಿರುಗಿಸಿದಾಗ ಬರುವ ಲೈನು, ಇಗ್ನಿಷನ್ ಆನ್ ಆದಾಗ ಬರುವ ಲೈನು, ಪಾರ್ಕಿಂಗ್ ಲೈಟಿನೊಂದಿಗೆ ಬರುವ ಲೈನು. ನಮ್ಮ ಊರಿನಲ್ಲಿ ಗಾಡಿಯ ವೈರಿಂಗ್ ಮಾಡುವ ಮಿಸ್ತ್ರಿಯೊಬ್ಬರನ್ನು ಕೇಳಿದಾಗ ಅವರು ಕೊನೆಯದನ್ನೇ ಹೇಳಿದರು. "ಸರ, ಅಷ್ಟ್ಯಾಕ ತಲಿ ಕೆಡಿಸ್ಕೋತೀರಿ? ಪಾರ್ಕಿಂಗ್ ಲೈಟಿನ ವೈರಿಗೆ ಹಚ್ಚಿಬಿಡೂಣು, ರಾತ್ರಿ ಗಾಡಿ ಹೊಡಿಯೂ ಮುಂದ ಚಂದ ಕಾಣ್ತೈತಿ" ಎಂಬುದು ಅವರ ಸಲಹೆ. ಬಹುಪಾಲು ಗ್ರಾಹಕರು ಕೇಳುವುದೂ ಅದನ್ನೇ, ಆದ್ದರಿಂದ ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೂ ನನಗೆ ಬೇಕಾದದ್ದು ಅದಕ್ಕೆ ತೀರ ವಿರುದ್ಧವಾದ ವ್ಯವಸ್ಥೆ: ಬಾಗಿಲು ತೆರೆದಾಗ ಹತ್ತಬೇಕು, ಮುಚ್ಚಿದಾಗ ಆರಬೇಕು, ಓಡುವಾಗ ಒಳಗೆ ಕತ್ತಲೆಯೇ ಇರಬೇಕು.

ಇದಕ್ಕೆ ಕಾರಣ ನಮ್ಮ ಜಿಲ್ಲೆಯ ರಸ್ತೆ. ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿಯ ಸುತ್ತ ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಸಂಜೆಯಿಂದ ಬೆಳಗಿನವರೆಗೆ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು ಸಾಲಾಗಿ ಹೊರಟಿರುತ್ತವೆ. ಹಿಂದಿನ ಟ್ರೇಲರಿಗೆ ಲೈಟ್ ಇರುವುದು ಅಪರೂಪ; ಇರುವ ಒಂದೆರಡು ರಿಫ್ಲೆಕ್ಟರ್ ಸ್ಟಿಕರುಗಳು ಹೊರಗೆ ಚಾಚಿದ ಕಬ್ಬಿನ ಗಳಗಳ ಹಿಂದೆ ಮುಚ್ಚಿಹೋಗಿರುತ್ತವೆ. ಅಂತಹ ರಸ್ತೆಯಲ್ಲಿ ಮುಂದಿನದನ್ನು ಕ್ಷಣ ಮೊದಲೇ ಕಾಣುವ ಕಣ್ಣು ಬೇಕು. ಕತ್ತಲೆಗೆ ಕಣ್ಣು ಪೂರ್ತಿಯಾಗಿ ಹೊಂದಿಕೊಳ್ಳಲು ಸುಮಾರು 20ರಿಂದ 30 ನಿಮಿಷ ಹಿಡಿಯುತ್ತದೆ, ಬೆಳಕು ಕಂಡರೆ ಆ ಹೊಂದಿಕೆ ಕೆಲವೇ ಕ್ಷಣಗಳಲ್ಲಿ ಕೆಡುತ್ತದೆ. ಮಂದ ಬೆಳಕಿನಲ್ಲಿ ನೋಡಲು ನೆರವಾಗುವ ಅಕ್ಷಿಪಟದ ಕೋಶಗಳು ಸುಮಾರು 500 ನ್ಯಾನೊಮೀಟರ್ ಆಸುಪಾಸಿನ ನೀಲಿ-ಹಸಿರು ಬೆಳಕಿಗೆ ಅತಿ ಹೆಚ್ಚು ಸ್ಪಂದಿಸುತ್ತವೆ. ಕೆಂಪಿಗೆ ಅತಿ ಕಡಿಮೆ. ಹಾಗಿದ್ದೂ ಅಂಗಡಿಗಳಲ್ಲಿ ಮಂಜುಗಡ್ಡೆಯಂತಹ ತಿಳಿ ನೀಲಿ ಬಣ್ಣದ ಎಲ್‌ಇಡಿ ಪಟ್ಟಿಗಳೂ ಮಾರಾಟವಾಗುತ್ತವೆ. ನಮ್ಮದೇ ಹೆಡ್‌ಲೈಟ್, ಎದುರಿನವರ ಹೈಬೀಮ್ ಇರುವಾಗ ಕಣ್ಣು ಹೇಗೂ ಪೂರ್ಣ ಕತ್ತಲೆಗೆ ಹೊಂದಿಕೊಂಡಿರುವುದಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು, ಆ ಮಾತು ನಿಜವೂ ಹೌದು. ಆದರೆ ಕಾಲಿನ ಬಳಿಯ ಬೆಳಕು ತಿಳಿ ಬಣ್ಣದ ಪ್ಯಾಂಟು, ಪ್ಲಾಸ್ಟಿಕ್ ಮ್ಯಾಟು, ಡ್ಯಾಶ್‌ಬೋರ್ಡಿನ ಹೊಳಪಿನಿಂದ ಪ್ರತಿಫಲಿಸಿ ಮುಂದಿನ ಗಾಜಿನ ಒಳಮೈಯಲ್ಲಿ ಮಸುಕಾದ ಪರದೆಯಾಗಿ ನಿಲ್ಲುವುದನ್ನು ತಪ್ಪಿಸಲಾಗದು. ಲೈಟಿಲ್ಲದ ಟ್ರೇಲರನ್ನು ಹುಡುಕುವ ಕಣ್ಣಿಗೆ ಆ ಪರದೆಯೊಂದೇ ಸಾಕು.

ಆದ್ದರಿಂದ ದೀಪವನ್ನು ಛಾವಣಿಯ ದೀಪದ ಸರ್ಕ್ಯೂಟಿಗೇ ಜೋಡಿಸಬೇಕು. ಈ ಸರ್ಕ್ಯೂಟ್ ಮನೆಯ ವೈರಿಂಗ್ ತಿಳಿದವರನ್ನು ಮೊದಲು ಗೊಂದಲಕ್ಕೆ ಕೆಡವುತ್ತದೆ. ಮನೆಯಲ್ಲಿ ಸ್ವಿಚ್ ಇರುವುದು ಫೇಸಿನ ಕಡೆಗೆ. ಕಾರಿನಲ್ಲಿ, ಅದರಲ್ಲೂ ಜಪಾನಿ ವಿನ್ಯಾಸದ ಸರಳ ಕಾರುಗಳಲ್ಲಿ, ಛಾವಣಿಯ ದೀಪಕ್ಕೆ ಪ್ಲಸ್ ಯಾವಾಗಲೂ ಬಂದೇ ಇರುತ್ತದೆ. ಬಾಗಿಲ ಚೌಕಟ್ಟಿನಲ್ಲಿರುವ ರಬ್ಬರ್ ಟೊಪ್ಪಿಗೆಯ ಸ್ವಿಚ್ಚು ಕೆಲಸ ಮಾಡುವುದು ಮೈನಸ್ ಕಡೆಗೆ. ಬಾಗಿಲು ತೆರೆದಾಗ ಸ್ವಿಚ್ಚಿನ ಗುಂಡಿ ಹೊರಬಂದು, ದೀಪದಿಂದ ಬಂದ ವೈರನ್ನು ಬ್ಯಾಟರಿಯ ಮೈನಸ್ ಸೇರಿರುವ ಗಾಡಿಯ ಲೋಹದ ಮೈಗೆ, ಅಂದರೆ ಬಾಡಿಗೆ, ಸೇರಿಸುತ್ತದೆ, ದೀಪ ಹತ್ತುತ್ತದೆ. ಬಾಗಿಲು ಮುಚ್ಚಿದಾಗ ಗುಂಡಿ ಒತ್ತಿಕೊಂಡು ಆ ಸಂಪರ್ಕ ಕಡಿಯುತ್ತದೆ. ಹೀಗಿರುವಲ್ಲಿ ನಮ್ಮ ಹೊಸ ದೀಪದ ಕೆಂಪು ವೈರು ಸದಾ ಇರುವ ಪ್ಲಸ್‌ಗೆ, ಕಪ್ಪು ವೈರು ಬಾಗಿಲ ಸ್ವಿಚ್ಚಿನ ವೈರಿಗೆ ಹೋಗಬೇಕೇ ವಿನಾ ಬಾಡಿಗೆ ಹೋಗಬಾರದು.

ಅದನ್ನು ಅದಲುಬದಲು ಮಾಡಿದರೆ ಏನಾಗುತ್ತದೆ ಎಂಬುದು ನನಗೆ ಈ ಇಡೀ ಕೆಲಸದಲ್ಲಿ ಅತಿ ಸ್ವಾರಸ್ಯದ ಸಂಗತಿ ಎನಿಸಿತು. ಕೆಂಪು ವೈರನ್ನು ಬಾಗಿಲ ಸ್ವಿಚ್ಚಿನ ವೈರಿಗೂ ಕಪ್ಪನ್ನು ಬಾಡಿಗೂ ಹಚ್ಚಿದ್ದೇವೆ ಎಂದುಕೊಳ್ಳಿ. ಬಾಗಿಲು ಮುಚ್ಚಿದಾಗ ಸ್ವಿಚ್ಚಿನ ವೈರು ಎಲ್ಲಿಗೂ ಸೇರಿರುವುದಿಲ್ಲ, ಆದರೆ ಛಾವಣಿಯ ಬಲ್ಬಿನ ತಂತುವಿನ ಮೂಲಕ ಅದಕ್ಕೆ 12 ವೋಲ್ಟ್ ಬಂದು ನಿಂತಿರುತ್ತದೆ. ತಣ್ಣಗಿರುವ ತಂತುವಿನ ರೋಧ ಕೆಲವೇ ಓಮ್. ಎಲ್‌ಇಡಿ ಎಳೆಯುವ ಕರೆಂಟ್ ಅಲ್ಪವಾದ್ದರಿಂದ ಆ ತಂತು ಬೆಳಗುವುದಿಲ್ಲ, ಬರಿಯ ವೈರಿನಂತೆ ಕರೆಂಟನ್ನು ದಾಟಿಸಿಬಿಡುತ್ತದೆ. ಪರಿಣಾಮವಾಗಿ ಬಾಗಿಲು ಮುಚ್ಚಿದಾಗ ಕಾಲ ಬಳಿಯ ದೀಪ ಝಗ್ಗನೆ ಬೆಳಗುತ್ತದೆ. ಬಾಗಿಲು ತೆರೆದ ಕೂಡಲೇ ಆ ವೈರು ಬಾಡಿಗೆ ಸೇರಿ ಸೊನ್ನೆಯಾಗುವುದರಿಂದ ಮೇಲಿನ ದೀಪ ಹತ್ತಿ, ಕೆಳಗಿನದು ಆರಿಹೋಗುತ್ತದೆ. ಈ ತಿರುಗುಮುರುಗು ಆಟ ಕಂಡವರು ಎಲ್‌ಇಡಿ ಪಟ್ಟಿಯೇ ಕೆಟ್ಟಿದೆ ಎಂದು ಅಂಗಡಿಗೆ ಮರಳಿಸಲು ಹೊರಡುತ್ತಾರೆ. ಕೆಟ್ಟಿರುವುದು ಏನೂ ಇಲ್ಲ, ಸರ್ಕ್ಯೂಟ್ ತನ್ನ ಧರ್ಮದಂತೆಯೇ ನಡೆದಿರುತ್ತದೆ.

ಸ್ವಿಚ್ಚಿನ ವೈರನ್ನು ಗುರುತಿಸಲು ವೋಲ್ಟ್, ಕರೆಂಟ್ ಅಳೆಯುವ ಮಲ್ಟಿಮೀಟರ್ ಇದ್ದರೆ ಸಾಕು. ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿಯನ್ನು ಮೇಲಕ್ಕೆ ಸಮನಾಗಿ ಎಳೆದರೆ ಕ್ಲಿಪ್ಪುಗಳು ಒಂದೊಂದಾಗಿ ಬಿಡುತ್ತವೆ. ಅದರ ಅಡಿಯಲ್ಲಿ ಹಿಂದಿನಿಂದ ಮುಂದಕ್ಕೆ ಹೋಗುವ ವೈರುಗಳ ಕಟ್ಟು ಕಾಣುತ್ತದೆ. ಸ್ವಿಚ್ಚನ್ನೇ ಒಂದು ಸ್ಕ್ರೂ ಬಿಚ್ಚಿ ಹೊರತೆಗೆದು ಅದರ ಹಿಂದಿನ ವೈರಿನ ಬಣ್ಣ ನೋಡಿಕೊಂಡು, ಅದೇ ಬಣ್ಣದ ವೈರನ್ನು ಹೊಸ್ತಿಲಿನ ಕಟ್ಟಿನಲ್ಲಿ ಹುಡುಕಬೇಕು. ಮೀಟರಿನ ಕಪ್ಪು ಕಡ್ಡಿ ಬಾಡಿಯ ಬೋಲ್ಟಿಗೆ, ಕೆಂಪು ಕಡ್ಡಿ ಆ ವೈರಿನ ಕನೆಕ್ಟರಿಗೆ ತಾಗಿಸಿದಾಗ ಬಾಗಿಲು ಮುಚ್ಚಿದ್ದರೆ 12 ವೋಲ್ಟಿನ ಆಸುಪಾಸು, ತೆರೆದಿದ್ದರೆ ಸೊನ್ನೆ ತೋರಿಸಬೇಕು. ಬಾಗಿಲನ್ನು ನಿಜವಾಗಿ ಮುಚ್ಚುವ ಅಗತ್ಯವಿಲ್ಲ, ಸ್ವಿಚ್ಚಿನ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಸಾಕು. ಬಲ್ಬು ಇರುವ ಟೆಸ್ಟ್ ಲ್ಯಾಂಪ್ ಬಳಸುವ ರೂಢಿ ನಮ್ಮ ಗ್ಯಾರೇಜುಗಳಲ್ಲಿ ಇನ್ನೂ ಇದೆ. ಹಳೆಯ ಗಾಡಿಗಳಿಗೆ ಅದು ಒಳ್ಳೆಯ ಉಪಕರಣವೇ, ಆದರೆ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಹೋಗುವ ವೈರಿಗೆ ಅದನ್ನು ಹಚ್ಚಿದರೆ ಬಲ್ಬು ಎಳೆಯುವ ಕರೆಂಟನ್ನು ಆ ಪೆಟ್ಟಿಗೆ ತಾಳಲಾರದು.

ಈಚಿನ ಬಹುತೇಕ ಕಾರುಗಳಲ್ಲಿ ಛಾವಣಿಯ ದೀಪವನ್ನು ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆಯೇ ನಡೆಸುತ್ತದೆ. ಬಾಗಿಲು ಮುಚ್ಚಿದ ಮೇಲೆ ದೀಪ ಒಮ್ಮೆಲೇ ಆರದೆ ನಿಧಾನವಾಗಿ ಮಂದವಾಗುತ್ತಿದ್ದರೆ ನಿಮ್ಮದು ಅಂತಹ ಕಾರು ಎಂದು ತಿಳಿಯಬಹುದು. ಅಲ್ಲಿ ಬಾಗಿಲ ಸ್ವಿಚ್ಚಿನ ವೈರು ದೀಪಕ್ಕೆ ಹೋಗುವುದಿಲ್ಲ, ಪೆಟ್ಟಿಗೆಗೆ ಸಂಕೇತ ಕೊಡುವುದಷ್ಟೇ ಅದರ ಕೆಲಸ. ಆದ್ದರಿಂದ ಅದಕ್ಕೆ ಕೈಹಚ್ಚದೆ, ದೀಪಕ್ಕೆ ಹೋಗುವ ಎರಡು ವೈರುಗಳಿಂದಲೇ ಹೊಸ ದೀಪದ ಎರಡೂ ವೈರುಗಳನ್ನು ಪಡೆಯಬೇಕು. ಹೀಗೆ ಮಾಡಿದರೆ ಒಂದು ಲಾಭವೂ ಇದೆ: ಪೆಟ್ಟಿಗೆಯು ಕರೆಂಟನ್ನು ವೇಗವಾಗಿ ತಡೆತಡೆದು ಕೊಡುವ ಮೂಲಕ ದೀಪವನ್ನು ಮಂದಗೊಳಿಸುವುದರಿಂದ ಕಾಲ ಬಳಿಯ ಎಲ್‌ಇಡಿಗಳೂ ಅದರೊಂದಿಗೆ ನಯವಾಗಿ ಆರುತ್ತವೆ. ಪೆಟ್ಟಿಗೆಯ ಮೇಲೆ ಭಾರ ಹೆಚ್ಚೀತೆಂಬ ಚಿಂತೆ ಇದ್ದರೆ ಛಾವಣಿಯ 10 ವ್ಯಾಟಿನ ತಂತು ಬಲ್ಬನ್ನು ತೆಗೆದು ಒಂದೆರಡು ವ್ಯಾಟಿನ ಎಲ್‌ಇಡಿ ಹಾಕಬೇಕು. ಆಗ ಕೆಳಗೆ ಎರಡು ಹೊಸ ದೀಪ ಸೇರಿದರೂ ಒಟ್ಟು ಭಾರ ಮೊದಲಿಗಿಂತ ಕಡಿಮೆಯೇ ಆಗುತ್ತದೆ. ಎಲ್ಲವೂ ಎಲ್‌ಇಡಿ ಆದಾಗ ಬಾಗಿಲು ಮುಚ್ಚಿದ ಮೇಲೂ ಅವು ಮಿಣುಕುತ್ತಾ ಉಳಿಯುವ ತೊಂದರೆ ಕೆಲವು ಕಾರುಗಳಲ್ಲಿ ಕಾಣುತ್ತದೆ. ಪೆಟ್ಟಿಗೆಯಿಂದ ಸೋರುವ ಅತ್ಯಲ್ಪ ಕರೆಂಟೇ ಅವಕ್ಕೆ ಸಾಲುತ್ತದೆ. 1 ಕಿಲೊ ಓಮ್‌ನ, ಅರ್ಧ ವ್ಯಾಟಿನ ರೆಸಿಸ್ಟರ್ (ಕರೆಂಟಿಗೆ ತಡೆಯೊಡ್ಡುವ ಸಣ್ಣ ಬಿಡಿಭಾಗ) ಒಂದನ್ನು ದೀಪದ ಎರಡು ವೈರುಗಳ ನಡುವೆ ಅಡ್ಡವಾಗಿ ಹಾಕಿದರೆ ಆ ಸೋರಿಕೆ ಅದರ ಮೂಲಕ ಹರಿದುಹೋಗಿ ಮಿಣುಕು ನಿಲ್ಲುತ್ತದೆ.

ನಮ್ಮ ಕಾರಿನದು ಹಳೆಯ ಸರಳ ಪದ್ಧತಿ. ಇನ್ನು ದೀಪದ ಆಯ್ಕೆ. ಪೇಟೆಯಲ್ಲಿ ಮೀಟರಿನ ಲೆಕ್ಕದಲ್ಲಿ ಸಿಗುವ 12 ವೋಲ್ಟಿನ ಎಲ್‌ಇಡಿ ಪಟ್ಟಿಯಲ್ಲಿ ಮೂರು ಮೂರು ಎಲ್‌ಇಡಿಗಳನ್ನು ಒಂದು ರೆಸಿಸ್ಟರಿನೊಂದಿಗೆ ಸಾಲಾಗಿ ಜೋಡಿಸಿರುತ್ತಾರೆ, ಆದ್ದರಿಂದಲೇ ಅದನ್ನು ಮೂರರ ಗುಣಕದಲ್ಲಿ ಮಾತ್ರ ಕತ್ತರಿಸಬಹುದು. ಮೀಟರಿಗೆ 60 ಎಲ್‌ಇಡಿ ಇರುವ 3528 ಜಾತಿಯ (ಈ ಸಂಖ್ಯೆ ಎಲ್‌ಇಡಿಯ ಗಾತ್ರವನ್ನು ಸೂಚಿಸುತ್ತದೆ) ಪಟ್ಟಿ ಮೀಟರಿಗೆ 4.8 ವ್ಯಾಟ್ ತಿನ್ನುತ್ತದೆ. ಅಷ್ಟೇ ಸಂಖ್ಯೆಯ 5050 ಜಾತಿಯದು 14.4 ವ್ಯಾಟ್. ಕಾಲಿಡುವ ಜಾಗಕ್ಕೆ ಒಂದು ಬದಿಗೆ 30 ಸೆಂಟಿಮೀಟರ್ ತುಂಡು ಧಾರಾಳವಾಗಿ ಸಾಕು. 3528 ಬಳಸಿದರೆ ಅಂತಹ ಒಂದು ತುಂಡು 0.12 ಆಂಪಿಯರ್, ಎರಡು ಸೇರಿ 0.24 ಆಂಪಿಯರ್ ಎಳೆಯುತ್ತವೆ.

ಆದರೆ ಈ ಲೆಕ್ಕವೆಲ್ಲ ಸರಿಯಾಗಿ 12 ವೋಲ್ಟ್ ಇದ್ದಾಗಿನದು. ಎಂಜಿನ್ ಚಾಲೂ ಇರುವಾಗ ಕಾರಿನ ವೋಲ್ಟೇಜ್ 13.8ರಿಂದ 14.4ರವರೆಗೆ ಏರುತ್ತದೆ. ಏರಿಕೆ 20 ಪ್ರತಿಶತವಷ್ಟೇ ಅಲ್ಲವೇ ಎನ್ನಿಸಬಹುದು. ಬಿಳಿ ಎಲ್‌ಇಡಿ ಒಂದಕ್ಕೆ ಸುಮಾರು 3.1 ವೋಲ್ಟ್ ಬೇಕು, ಮೂರಕ್ಕೆ 9.3 ವೋಲ್ಟ್ ಹೋದರೆ, 12 ವೋಲ್ಟ್ ಇದ್ದಾಗ ರೆಸಿಸ್ಟರಿನ ಪಾಲಿಗೆ ಉಳಿಯುವುದು 2.7. ಅದೇ 14.4 ಆದಾಗ ರೆಸಿಸ್ಟರಿನ ಪಾಲು 5.1. ಕರೆಂಟನ್ನು ನಿರ್ಧರಿಸುವುದು ಈ ಪಾಲೇ ಆದ್ದರಿಂದ ಅದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮನೆಯ ಅಲಂಕಾರಕ್ಕೆ ವರ್ಷಗಟ್ಟಲೆ ಬಾಳುವ ಪಟ್ಟಿ ಕಾರಿನಲ್ಲಿ ಕೆಲವೇ ತಿಂಗಳಿಗೆ ಕಪ್ಪಾಗಿ ಸಾಯುವುದು ಇದರಿಂದ. 30 ಸೆಂಟಿಮೀಟರಿನ ಒಂದೊಂದು ತುಂಡಿಗೂ 22 ಓಮ್‌ನ, 1 ವ್ಯಾಟಿನ ರೆಸಿಸ್ಟರನ್ನು ಸಾಲಿನಲ್ಲಿ ಸೇರಿಸಿದರೆ ಹೆಚ್ಚುವರಿ ಎರಡೂವರೆ ವೋಲ್ಟ್ ಅಲ್ಲಿಯೇ ಕಳೆದುಹೋಗುತ್ತದೆ. ಎಂಜಿನ್ ಬಂದ್ ಇದ್ದಾಗ ಬೆಳಕು ಸ್ವಲ್ಪ ಮಂದವಾಗುವುದು ನಿಜ, ಆದರೆ ಚಪ್ಪಲಿ ಹುಡುಕಲು ಮದುವೆ ಮಂಟಪದ ಬೆಳಕು ಬೇಕಿಲ್ಲ.

ಕೊನೆಗೆ ನಾನು ಬಳಸಿದ್ದು ಪಟ್ಟಿಯನ್ನಲ್ಲ. ಅಂಗಡಿಗಳ ನಾಮಫಲಕ ಮಾಡುವವರು ಅಕ್ಷರಗಳ ಒಳಗೆ ಕೂರಿಸುವ, ಮೂರು ಎಲ್‌ಇಡಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದು ಮುಚ್ಚಿದ 12 ವೋಲ್ಟಿನ ಸಣ್ಣ ಮಾಡ್ಯೂಲುಗಳು ಬೋರ್ಡ್ ಅಂಗಡಿಯಲ್ಲಿ ಬಿಡಿಯಾಗಿಯೂ ಸಿಗುತ್ತವೆ. ಒಂದೊಂದೂ ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಎರಡು ಬದಿಗೆ ಸ್ಕ್ರೂ ಹಾಕಲು ಕಿವಿಗಳಿರುತ್ತವೆ, ಧೂಳು ನೀರು ಒಳಗೆ ಹೋಗುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದರೂ, ಹೊಲದ ಎರೆಮಣ್ಣು ಮೆತ್ತಿದರೂ ಅವಕ್ಕೆ ಬಾಧೆಯಿಲ್ಲ. ಬದಿಗೆ ಎರಡೆರಡರಂತೆ, ಹಳದಿ ಛಾಯೆಯ ಬಿಳಿಯವನ್ನು ಆರಿಸಿಕೊಂಡು, ಮೇಲೆ ಹೇಳಿದ ಕಾರಣಕ್ಕಾಗಿ ಇವಕ್ಕೂ ಸಾಲಿನಲ್ಲಿ ರೆಸಿಸ್ಟರ್ ಕೊಟ್ಟೆ.

ಪ್ಲಸ್ ಪಡೆಯುವುದು ಫ್ಯೂಸ್ ಬಾಕ್ಸಿನಿಂದ. ಇರುವ ಫ್ಯೂಸನ್ನು ಕಿತ್ತು ಆ ಜಾಗದಲ್ಲಿ ಕೂರಿಸುವ, ಎರಡು ಫ್ಯೂಸ್ ಹಿಡಿಯುವ ಟ್ಯಾಪ್ ಎಂಬ ಸಾಧನ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ಕಂಪನಿಯ ವೈರನ್ನು ಎಲ್ಲಿಯೂ ಕತ್ತರಿಸದೆ ಹೊಸ ಲೈನು ತೆಗೆಯಲು ಇದಕ್ಕಿಂತ ಅಚ್ಚುಕಟ್ಟಾದ ಮಾರ್ಗವಿಲ್ಲ. ಫ್ಯೂಸುಗಳಲ್ಲಿ ಸಾಮಾನ್ಯ, ಮಿನಿ, ಗಿಡ್ಡ ಮಿನಿ ಎಂಬ ಗಾತ್ರಗಳಿರುವುದರಿಂದ ನಿಮ್ಮ ಕಾರಿನ ಫ್ಯೂಸ್ ಒಂದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಬೇಕು. ಛಾವಣಿಯ ದೀಪದ ಫ್ಯೂಸಿನ ಜಾಗವನ್ನೇ ಬಳಸುವುದು ಒಳ್ಳೆಯದು. ಹಾರ್ನ್, ಬ್ರೇಕ್ ಲೈಟ್, ಎಂಜಿನ್, ಏರ್‌ಬ್ಯಾಗ್‌ಗಳ ಫ್ಯೂಸಿನ ತಂಟೆಗೆ ಹೋಗಲೇಬಾರದು. ಟ್ಯಾಪಿಗೆ ದಿಕ್ಕೂ ಇದೆ. ಕರೆಂಟ್ ಒಳಬರುವ ಕಾಲಿನ ಕಡೆಗೆ ಹೊಸ ಫ್ಯೂಸ್ ಬರುವಂತೆ ಕೂರಿಸಿದರೆ ಎರಡೂ ಲೈನುಗಳು ಬೇರೆ ಬೇರೆಯಾಗಿ ನಡೆಯುತ್ತವೆ, ತಿರುವಿ ಕೂರಿಸಿದರೆ ಹೊಸ ಲೈನಿನ ಭಾರವೂ ಹಳೆಯ ಫ್ಯೂಸಿನ ಮೂಲಕವೇ ಹಾದುಹೋಗುತ್ತದೆ. ಫ್ಯೂಸ್ ತೆಗೆದ ಖಾಲಿ ಜಾಗದ ಎರಡು ತೂತುಗಳಲ್ಲಿ ಯಾವುದರಲ್ಲಿ 12 ವೋಲ್ಟ್ ಇದೆ ಎಂದು ಮೀಟರಿನಿಂದ ನೋಡಿದರೆ ದಿಕ್ಕು ತಿಳಿಯುತ್ತದೆ.

ಹೊಸ ಲೈನಿಗೆ 2 ಆಂಪಿಯರಿನ ಬೂದು ಬಣ್ಣದ ಫ್ಯೂಸ್ ಸಾಕು, ಅದು ಸಿಗದಿದ್ದರೆ 3 ಆಂಪಿಯರಿನ ನೇರಳೆ ಬಣ್ಣದ್ದು. ಫ್ಯೂಸ್ ಇರುವುದು ದೀಪವನ್ನು ಉಳಿಸಲು ಎಂಬ ತಿಳಿವಳಿಕೆ ವ್ಯಾಪಕವಾಗಿದೆ, ಆದರೆ ಅದು ಕಾಯುವುದು ವೈರನ್ನು. ಬ್ಯಾಟರಿಗೆ ನೇರವಾಗಿ ಸೇರಿದ ವೈರೊಂದರ ಸಿಪ್ಪೆ ಸವೆದು ಬಾಡಿಗೆ ತಾಗಿತೆಂದರೆ ನೂರಾರು ಆಂಪಿಯರ್ ಹರಿದು ಕ್ಷಣದಲ್ಲಿ ವೈರು ಕೆಂಡವಾಗುತ್ತದೆ, ಮ್ಯಾಟು, ಸೀಟಿನ ಸ್ಪಂಜು ಹೊತ್ತಿಕೊಳ್ಳುತ್ತವೆ. ಹಾಗಾಗಿ ಫ್ಯೂಸನ್ನು ದೀಪದ ಬಳಿ ಹಾಕಿ ಪ್ರಯೋಜನವಿಲ್ಲ. ತೂಬು ಕಾಲುವೆಯ ತಲೆಯಲ್ಲಿದ್ದರೆ ಮಾತ್ರ ಒಡೆದ ಕಾಲುವೆಯ ನೀರನ್ನು ನಿಲ್ಲಿಸಬಹುದು, ಹಾಗೆಯೇ ಫ್ಯೂಸೂ ಲೈನು ಹೊರಡುವ ಜಾಗದಲ್ಲಿಯೇ ಇರಬೇಕು. ವೈರು 0.5 ಚದರ ಮಿಲಿಮೀಟರಿನ, ಹಲವು ಎಳೆಗಳ ಗಾಡಿಯ ವೈರೇ ಆಗಬೇಕು. ಸ್ಪೀಕರ್ ವೈರು, ಮನೆಯಲ್ಲಿ ಉಳಿದ ಬೆಲ್ ವೈರು ಬಳಸುವುದನ್ನು ಕಂಡಿದ್ದೇನೆ. ಕರೆಂಟಿನ ಲೆಕ್ಕಕ್ಕೆ ಅವು ನಡೆಯುತ್ತವೆ, ಕಾವಿನ ಮತ್ತು ತಿಕ್ಕಾಟದ ಲೆಕ್ಕಕ್ಕೆ ನಡೆಯುವುದಿಲ್ಲ.

ಕೈಹಾಕುವ ಮೊದಲು 10 ನಂಬರಿನ ಪಾನಾ ತೆಗೆದುಕೊಂಡು ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ ಕೆಲವು ನಿಮಿಷ ಕಾಯಬೇಕು. ಏರ್‌ಬ್ಯಾಗಿನ ಪೆಟ್ಟಿಗೆಯಲ್ಲಿರುವ ಕೆಪ್ಯಾಸಿಟರ್‌ಗಳು ಬ್ಯಾಟರಿ ಕಳಚಿದ ಮೇಲೂ ಸ್ವಲ್ಪ ಹೊತ್ತು ಶಕ್ತಿಯನ್ನು ಹಿಡಿದಿಟ್ಟುಕೊಂಡಿರುತ್ತವೆ. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿದಾಗ ಹಳದಿ ಕನೆಕ್ಟರ್, ಹಳದಿ ಕೊಳವೆ ಹೊದ್ದ ವೈರು ಕಂಡರೆ ಅದು ಏರ್‌ಬ್ಯಾಗಿನದು. ಅದನ್ನು ಮುಟ್ಟಬಾರದು, ಮೀಟರ್ ಹಚ್ಚಬಾರದು, ಹೊಸ ವೈರನ್ನು ಅದಕ್ಕೆ ಒರಗಿಸಿ ಕಟ್ಟಲೂಬಾರದು. ಛಾವಣಿಯಿಂದ ವೈರು ಇಳಿಸುವವರು ಮುಂದಿನ ಗಾಜಿನ ಪಕ್ಕದ ಕಂಬದಲ್ಲಿ ಕಿಟಕಿಯ ಬದಿಗೆ ಪರದೆಯಂತೆ ಇಳಿಯುವ ಏರ್‌ಬ್ಯಾಗ್ ಇದೆಯೇ ಎಂದು ಮೊದಲೇ ತಿಳಿದುಕೊಂಡು, ಇದ್ದರೆ ಆ ಕೆಲಸವನ್ನು ತಿಳಿದವರಿಗೆ ಒಪ್ಪಿಸುವುದು ಲೇಸು.

ಜೋಡಣೆಯ ವಿಷಯದಲ್ಲಿ ನಮ್ಮ ಬಿಸಿಲನ್ನು ಮರೆಯುವಂತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಾಗಲಕೋಟೆಯಲ್ಲಿ 40 ಡಿಗ್ರಿ ಸಾಮಾನ್ಯ. ಗಾಜು ಏರಿಸಿ ಬಯಲಿನಲ್ಲಿ ನಿಲ್ಲಿಸಿದ ಕಾರಿನ ಒಳಗಿನ ಕಾವು ಅದಕ್ಕಿಂತ ಬಹಳ ಮೇಲೇರುತ್ತದೆ. ಕರಿ ಪಿವಿಸಿ ಟೇಪಿನ ಅಂಟು ಆ ಕಾವಿಗೆ ಕರಗಿ, ಸುತ್ತು ತಾನಾಗಿ ಸಡಿಲಾಗಿ, ಬೆರಳಿಗೆ ಮೇಣದಂತೆ ಹತ್ತುವ ಜಿಗುಟನ್ನು ವೈರಿನ ಮೇಲೆ ಬಿಟ್ಟು ಜಾರುತ್ತದೆ. ಹಳೆಯ ಗಾಡಿಯ ಮ್ಯೂಸಿಕ್ ಸಿಸ್ಟಮ್ ಹಿಂದಿನ ವೈರುಗಳನ್ನು ಎಳೆದು ನೋಡಿದವರಿಗೆ ಆ ಜಿಗುಟಿನ ಪರಿಚಯವಿರುತ್ತದೆ. ಟೇಪಿನ ಬದಲು ಕಾವು ಕೊಟ್ಟರೆ ಕುಗ್ಗಿ ಬಿಗಿಯುವ ಸ್ಲೀವ್ ಹಾಕಿ, ಅದರ ಮೇಲೆ ಕಂಪನಿಯವರು ಬಳಸುವಂತಹ ಬಟ್ಟೆಯ ಟೇಪನ್ನು ಸುತ್ತಬೇಕು. ಬಟ್ಟೆಯ ಟೇಪಿನಿಂದ ವೈರು ಪ್ಲಾಸ್ಟಿಕ್ಕಿಗೆ ಬಡಿದು ಕಟಕಟ ಎನ್ನುವುದೂ ತಪ್ಪುತ್ತದೆ.

ಬಾಗಿಲ ಸ್ವಿಚ್ಚಿನ ವೈರಿಗೆ ಸೇರಿಸಲು ಒತ್ತಿದರೆ ಕೂಡುವ ಕ್ಲಿಪ್ ಕನೆಕ್ಟರುಗಳು ಸಿಗುತ್ತವೆ. ಒಳಗಿನ ಬ್ಲೇಡು ಸಿಪ್ಪೆಯನ್ನು ಸೀಳಿ ತಾಮ್ರಕ್ಕೆ ತಾಗುವುದು ಅವುಗಳ ತತ್ತ್ವ. ಗಾತ್ರ ಕೊಂಚ ತಪ್ಪಿದರೂ ಆ ಬ್ಲೇಡು ಒಂದೆರಡು ಎಳೆಗಳನ್ನು ಕತ್ತರಿಸಿಬಿಡುತ್ತದೆ, ಇಲ್ಲವೇ ತಾಮ್ರಕ್ಕೆ ಸರಿಯಾಗಿ ತಾಗುವುದೇ ಇಲ್ಲ. ನನ್ನ ಒಲವು ಕ್ರಿಂಪಿಂಗ್, ಅಂದರೆ ವೈರಿನ ತುದಿಗಳನ್ನು ಲೋಹದ ಕೊಳವೆಯಲ್ಲಿಟ್ಟು ಒತ್ತಿ ಬಿಗಿಯುವ ವಿಧಾನದ ಕಡೆಗೆ. ಬೆಸುಗೆ ಕೆಟ್ಟದ್ದೇನಲ್ಲ, ಆದರೆ ಸೀಸ ಎಳೆಗಳ ನಡುವೆ ಹೀರಿಕೊಂಡು ವೈರು ಸ್ವಲ್ಪ ದೂರ ಗಡುಸಾಗುತ್ತದೆ. ಗಡುಸು ಮುಗಿದು ಮೆದು ಆರಂಭವಾಗುವ ಜಾಗದಲ್ಲಿ ಗಾಡಿಯ ನಡುಕಕ್ಕೆ ಎಳೆಗಳು ಮುರಿಯುತ್ತವೆ. ಬೆಸುಗೆಯನ್ನೇ ಹಾಕುವುದಾದರೆ ಆ ಜಾಗದ ಎರಡೂ ಕಡೆ ವೈರು ಅಲುಗದಂತೆ ಕಟ್ಟಬೇಕು.

ದೀಪ ಕೂರಿಸುವಾಗ ಅದರ ಮುಖ ಹಿಂದಕ್ಕೆ, ಅಂದರೆ ಕೂತವರ ಕಣ್ಣಿನ ಕಡೆಗೆ ಇರಬಾರದು. ಡ್ಯಾಶ್‌ಬೋರ್ಡಿನ ಕೆಳ ಅಂಚಿನ ಒಳಗಡೆ, ಮುಂದಿನ ಗೋಡೆಯತ್ತ ಓರೆಯಾಗಿ ಕೆಳಕ್ಕೆ ನೋಡುವಂತಿದ್ದರೆ ಬೆಳಕು ಮಾತ್ರ ಕಾಣುತ್ತದೆ, ಬುಡ್ಡಿ ಕಾಣುವುದಿಲ್ಲ. ಅಂಟಿನ ಟೇಪನ್ನು ನೆಚ್ಚಿಕೊಳ್ಳದೆ ಸ್ಕ್ರೂ ಇಲ್ಲವೇ ಕೇಬಲ್ ಟೈ ಬಳಸಿದ್ದೇನೆ. ಚಾಲಕನ ಬದಿಯಲ್ಲಿ ಮಾತ್ರ ತುಸು ಹೆಚ್ಚಿನ ಎಚ್ಚರ ಅಗತ್ಯ. ಕ್ಲಚ್, ಬ್ರೇಕ್, ಎಕ್ಸಿಲರೇಟರ್ ಮೂರನ್ನೂ ಪೂರ್ತಿ ಒತ್ತಿ ಬಿಟ್ಟು, ಸ್ಟೇರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ವೈರು ಎಲ್ಲಿಯೂ ತಾಗದು, ಜೋತುಬಿದ್ದರೂ ಪೆಡಲಿಗೆ ಸಿಗದು ಎಂದು ಖಚಿತವಾದ ಮೇಲೆಯೇ ಕೊನೆಯ ಗಂಟು ಹಾಕಬೇಕು. ಬ್ರೇಕ್ ಪೆಡಲಿನ ಹಿಂದೆ ಕಳಚಿ ಬಿದ್ದ ಒಂದು ಸಣ್ಣ ಮಾಡ್ಯೂಲ್ ಏನು ಮಾಡಬಲ್ಲದು ಎಂದು ಯೋಚಿಸಿದರೆ ಆ ಹೊತ್ತು ವ್ಯರ್ಥವೆನಿಸುವುದಿಲ್ಲ.

ಕಾನೂನಿನ ಮಾತು ಚಿಕ್ಕದು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ನೋಂದಣಿ ಪತ್ರದ ವಿವರ ಬದಲಾಗುವಂತಹ ವಾಹನದ ಮಾರ್ಪಾಡಿಗೆ ಸಂಬಂಧಿಸಿದ್ದು. ಬಾಗಿಲು ತೆರೆದಾಗ ಹತ್ತುವ ಒಳದೀಪ ನೋಂದಣಿ ಪತ್ರದ ಯಾವ ವಿವರವನ್ನೂ ಬದಲಿಸುವುದಿಲ್ಲ. ಹೊರಗೆ ಕಾಣುವಂತೆ ಮಿನುಗುವ ಕೆಂಪು, ನೀಲಿ ಬೆಳಕಿನ ಕಥೆ ಬೇರೆ, ಅದನ್ನು ಪೊಲೀಸರು ತಡೆದು ಕೇಳಿದರೆ ಆಶ್ಚರ್ಯಪಡಬೇಕಿಲ್ಲ. ಗಾಡಿ ವಾರಂಟಿಯಲ್ಲಿದ್ದರೆ ಕಂಪನಿಯ ವೈರಿಗೆ ಕತ್ತರಿ ಹಾಕಿದ್ದನ್ನು ಮುಂದೆ ಮಾಡಿ ಎಲೆಕ್ಟ್ರಿಕಲ್ ದುರಸ್ತಿಯ ಕ್ಲೇಮನ್ನು ತಿರಸ್ಕರಿಸಬಹುದು. ಅಂಥವರಿಗೆ ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಚುಚ್ಚುವ ಕಿಟ್ ಇದೆ. ಅದು ಬಾಗಿಲಿಗೆ ಹೊಂದಿ ಹತ್ತುವುದಿಲ್ಲ ಎಂಬುದೊಂದೇ ಅದರ ದೋಷ, ನನ್ನ ಮಟ್ಟಿಗೆ ಅದು ದೊಡ್ಡ ದೋಷ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಬಾಕಿ ಇರುತ್ತದೆ. ದೀಪ ಹತ್ತುತ್ತದೆಯೇ ಎಂಬುದನ್ನು ಎಲ್ಲರೂ ನೋಡುತ್ತಾರೆ, ಸರಿಯಾಗಿ ಆರುತ್ತದೆಯೇ ಎಂಬುದನ್ನೂ ನೋಡಬೇಕು. ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ ಸಾಮಾನ್ಯವಾಗಿ 35 ಆಂಪಿಯರ್-ಗಂಟೆಯದು. ಕಾಲು ಆಂಪಿಯರ್ ಎಳೆಯುವ ದೀಪ ಯಾರ ಕಣ್ಣಿಗೂ ಬೀಳದೆ ಹತ್ತಿಯೇ ಉಳಿದರೆ ದಿನಕ್ಕೆ 6 ಆಂಪಿಯರ್-ಗಂಟೆ ಖಾಲಿಯಾಗುತ್ತದೆ. ಮೂರು ದಿನಕ್ಕೆ ಬ್ಯಾಟರಿ ಅರ್ಧ ಬರಿದಾಗಿ, ಮುಂದೆ ಸ್ಟಾರ್ಟರ್ ಟಕ್ ಟಕ್ ಎನ್ನಲು ಹೆಚ್ಚು ಹೊತ್ತು ಬೇಕಿಲ್ಲ. ಮಲ್ಟಿಮೀಟರಿನ ಕೆಂಪು ವೈರನ್ನು 10 ಆಂಪಿಯರಿನ ತೂತಿಗೆ ಬದಲಿಸಿ, ಬ್ಯಾಟರಿಯ ಮೈನಸ್ ಕಂಬಕ್ಕೂ ಬಿಚ್ಚಿದ ಟರ್ಮಿನಲ್ಲಿಗೂ ನಡುವೆ ಮೀಟರನ್ನು ಸಾಲಾಗಿ ಹಿಡಿದು, ಬಾಗಿಲುಗಳನ್ನೆಲ್ಲ ಮುಚ್ಚಿ, ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ನಿದ್ರೆಗೆ ಜಾರುವವರೆಗೆ ಕಾಯಬೇಕು. ಸಾಮಾನ್ಯವಾಗಿ 20ರಿಂದ 50 ಮಿಲಿಆಂಪಿಯರ್ ಕಾಣುತ್ತದೆ. ದೀಪ ಹಾಕುವ ಮೊದಲು ಎಷ್ಟಿತ್ತೋ ಹಾಕಿದ ಮೇಲೂ ಅಷ್ಟೇ ಇರಬೇಕು. ಮೀಟರ್ ನಡುವೆ ಇರುವಾಗ ಸೆಲ್ಫ್ ಹೊಡೆಯಲೇಬಾರದು, ಮೀಟರಿನ ಒಳಗಿನ ಫ್ಯೂಸ್ ಆ ಕ್ಷಣವೇ ಸುಡುತ್ತದೆ.

ಬ್ಯಾಟರಿ ಮತ್ತೆ ಜೋಡಿಸಿದಾಗ ಗಡಿಯಾರ, ರೇಡಿಯೊ ಸ್ಟೇಷನ್ನುಗಳನ್ನು ಹೊಸದಾಗಿ ಹೊಂದಿಸಬೇಕಾಯಿತು. ಅವ್ವ ಬಾಗಿಲು ತೆಗೆದು ಕೆಳಗೆ ನೋಡಿ, "ಇದನ್ನ ಕಂಪನ್ಯಾಗಿನವ್ರ ಯಾಕ ಹಾಕಿ ಕೊಡೂದಿಲ್ಲಪಾ?" ಎಂದು ಕೇಳಿದಳು, ಮೇಲಿನ ಮಾಡೆಲ್ಲಿಗೆ ಹಾಕಿ ಕೊಡುತ್ತಾರೆ, ಅದರ ದರವೂ ಮೇಲೆಯೇ ಇರುತ್ತದೆ ಎಂದೆ. ಯಾವ ಫ್ಯೂಸಿನ ಜಾಗದಿಂದ ಲೈನು ತೆಗೆದಿದೆ, ಅದರ ಫ್ಯೂಸ್ ಎಷ್ಟು ಆಂಪಿಯರಿನದು, ಸ್ವಿಚ್ಚಿನ ವೈರಿಗೆ ಎಲ್ಲಿ ಸೇರಿಸಿದೆ ಎಂಬ ಮೂರು ಸಾಲುಗಳನ್ನು ಕಾಗದದಲ್ಲಿ ಬರೆದು ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಬದಿಗೆ ಅಂಟಿಸಿದ್ದೇನೆ, ಮುಂದೆ ಈ ಗಾಡಿಯ ವೈರಿಂಗ್ ಬಿಚ್ಚುವ ಮಿಸ್ತ್ರಿಗೆ ಅದು ಬೇಕಾಗುತ್ತದೆ.